ಯಾತ್ರಿ ನಿವಾಸದ ಕರೆಂಟ್ ಬಿಲ್: ಮೊದಲು ಬಿಸಿನೀರಿನ ಲೆಕ್ಕ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕರಾವಳಿ, ಮಲೆನಾಡಿನ ಯಾತ್ರಾಸ್ಥಳಗಳಲ್ಲಿ ವಸತಿಗೃಹದ ಕರೆಂಟ್ ಖರ್ಚು ತಗ್ಗಿಸುವ ಮಾತು ಬಂದಾಗಲೆಲ್ಲ ಆಡಳಿತ ಮಂಡಳಿಗಳು ಮೊದಲು ಕೊಟೇಶನ್ ತರಿಸುವುದು ಚಾವಣಿಯ ಸೌರ ವಿದ್ಯುತ್ ಫಲಕಕ್ಕೆ. ದಾನಿಗಳ ಹೆಸರು ಬರೆಸಲು ಅನುಕೂಲ, ಉದ್ಘಾಟನೆಗೂ ಲಾಯಕ್ಕು. ಆದರೆ ಹಂಚಿನ ಹಳೆಯ ಛತ್ರ, ಎಂಬತ್ತರ ದಶಕದ ಆರ್‌ಸಿಸಿ ಕಟ್ಟಡ, ಆಮೇಲೆ ಸೇರಿಸಿದ ‘ಡೀಲಕ್ಸ್’ ಬ್ಲಾಕ್ ಎಂದು ಮೂರ್ನಾಲ್ಕು ಕಟ್ಟಡಗಳಿರುವ ಆವರಣದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಇಂಥ ಕಡೆ ದುಡ್ಡು ಸೋರುವುದು ಹೆಚ್ಚಾಗಿ ಬಚ್ಚಲಿನಲ್ಲಿ.

60 ಕೋಣೆಗಳ ಒಂದು ವಸತಿಗೃಹವನ್ನೇ ತೆಗೆದುಕೊಳ್ಳಿ. ಕೋಣೆಗೆ ಮೂವರಂತೆ, ಒಬ್ಬರಿಗೆ 20 ಲೀಟರಿನ ಒಂದು ಬಕೆಟ್ ಸ್ನಾನದ ನೀರು ಎಂದರೆ ದಿನಕ್ಕೆ 3,600 ಲೀಟರ್. 24 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಲು ಸುಮಾರು 67 ಯೂನಿಟ್ ಬೇಕು. ಇದು ನಿಜವಾದ ಅಗತ್ಯ. ಇದರ ಮೇಲೆ, ಸ್ವಿಚ್ ಆರಿಸದೆ ಬಿಟ್ಟ ಹಳೆಯ ಗೀಸರ್ ಒಂದೊಂದೂ ಯಾರೂ ಸ್ನಾನ ಮಾಡದಿದ್ದರೂ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ತಿನ್ನುತ್ತದೆ. 60 ಗೀಸರ್‌ಗೆ ಲೆಕ್ಕ ಹಾಕಿದರೆ ದಿನಕ್ಕೆ 30ರಿಂದ 60 ಯೂನಿಟ್, ಅಂದರೆ ಅಗತ್ಯದ ಸುಮಾರು ಅರ್ಧದಿಂದ ಶೇ 90ರಷ್ಟು ಮತ್ತೆ ವ್ಯರ್ಥ. ಎಲ್ಲರೂ ಬೆಳಗಿನ ಪೂಜೆಗೆ ಹೊರಡುವ ಐದು ಗಂಟೆಗೆ 2 ಕಿಲೋವಾಟಿನ ಗೀಸರ್‌ಗಳೆಲ್ಲ ಒಟ್ಟಿಗೆ ಹೊತ್ತಿಕೊಂಡರೆ 120 ಕಿಲೋವಾಟ್. ಆ ಹೊತ್ತಿನಲ್ಲಿ ಸೌರ ಫಲಕ ಒಂದು ಯೂನಿಟ್ಟನ್ನೂ ಕೊಡುವುದಿಲ್ಲ.

ಹಾಗಾಗಿ ಮೊದಲ ಕೆಲಸ ಬಿಲ್ ಓದುವುದು, ಅದಕ್ಕೆ ಖರ್ಚೇ ಇಲ್ಲ. ಪ್ರತಿ ಕಟ್ಟಡದ ಆರ್‌.ಆರ್‌. ಸಂಖ್ಯೆಯ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) 12 ತಿಂಗಳ ಬಿಲ್ಲುಗಳನ್ನು ತೆಗೆದು ಯೂನಿಟ್, ಮಂಜೂರಾದ ಲೋಡ್, ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಕರೆಂಟ್), ಲೋಡಿಗೆ ತಕ್ಕಂತೆ ಬೀಳುವ ನಿಗದಿತ ಶುಲ್ಕ ಇಷ್ಟನ್ನು ಬರೆದುಕೊಳ್ಳಿ. ಜೊತೆಗೆ ಒಂದು ವಾರ ರಾತ್ರಿ 10, ಬೆಳಿಗ್ಗೆ 4 ಮತ್ತು 9 ಗಂಟೆಗೆ ಮೀಟರ್ ಓದಿಸಿ. ಕಾವಲುಗಾರನೇ ಸಾಕು. ಖಾಲಿ ಇರುವ ಬ್ಲಾಕಿನ ಮೀಟರ್ ರಾತ್ರಿಯಿಡೀ ಓಡುತ್ತಿದ್ದರೆ ಗೀಸರ್ ಆರಿಲ್ಲ, ಇಲ್ಲವೇ ಎಲ್ಲೋ ಸೋರುವ ಟ್ಯಾಂಕಿಗೆ ಪಂಪು ನೀರು ತುಂಬುತ್ತಲೇ ಇದೆ.

ಎರಡನೆಯದು ಟೈಮರ್. ಬ್ಲಾಕಿನ ಗೀಸರ್ ಲೈನುಗಳನ್ನೆಲ್ಲ ಪ್ರತ್ಯೇಕ ಮಾಡಿ, ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ಭಾರಿ ಲೋಡನ್ನು ಆನ್-ಆಫ್ ಮಾಡುವ ಸ್ವಿಚ್) ಮೂಲಕ ಬೆಳಿಗ್ಗೆ 4ರಿಂದ 8 ಮತ್ತು ಸಂಜೆ ಎರಡು ತಾಸು ಮಾತ್ರ ಕರೆಂಟ್ ಬರುವಂತೆ ಮಾಡಬೇಕು. ಬ್ಲಾಕುಗಳಿಗೆ ಅರ್ಧರ್ಧ ಗಂಟೆ ಹಿಂದೆಮುಂದೆ ಸಮಯ ಕೊಟ್ಟರೆ ಗರಿಷ್ಠ ಬೇಡಿಕೆಯೂ ಇಳಿಯುತ್ತದೆ. ಇಲ್ಲಿ ಕೆಡುವುದು ಎರಡು ಕಡೆ. 2 ಕಿಲೋವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸ್ವಿಚ್‌ಗೋ ಕಾರ್ಡ್ ಸಿಕ್ಕಿಸಿದರೆ ಕೋಣೆಗೆ ಕರೆಂಟ್ ಬರುವ ಅಗ್ಗದ ಕೀ ಕಾರ್ಡ್ ಡಬ್ಬಿಗೋ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಇನ್ನು ಬ್ಯಾಟರಿ ಬ್ಯಾಕಪ್ ಇಲ್ಲದ ಟೈಮರ್, ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕು ಗಂಟೆಯ ಬಿಸಿನೀರು ಏಳಕ್ಕೆ ಬರುತ್ತದೆ. ಯಾತ್ರಿಕರು ಗಲಾಟೆ ಮಾಡುತ್ತಾರೆ, ಎಲೆಕ್ಟ್ರಿಷಿಯನ್ ಟೈಮರನ್ನೇ ಬೈಪಾಸ್ ಮಾಡುತ್ತಾನೆ, ಕಥೆ ಅಲ್ಲಿಗೆ ಮುಗಿಯಿತು.

ಸೋಲಾರ್ ವಾಟರ್ ಹೀಟರ್ ಇದ್ದೂ ಬಿಲ್ ಇಳಿಯದ ವಸತಿಗೃಹಗಳು ಸಾಕಷ್ಟಿವೆ. ಕಾರಣ ಹೆಚ್ಚಾಗಿ ಪ್ಲಂಬಿಂಗ್. ಮೇಲಿನ 3,600 ಲೀಟರ್ ಸ್ನಾನದ ನೀರಿಗೆ 60 ಡಿಗ್ರಿಯ ನೀರು 1,600 ಲೀಟರ್ ಸಾಕು, ಉಳಿದದ್ದು ತಣ್ಣೀರು. ಪೈಪಿನಲ್ಲಿ ಕಳೆಯುವುದಕ್ಕೆಂದು 2,000 ಲೀಟರ್ ಇಟ್ಟುಕೊಳ್ಳಿ. ತಲೆಗೆ ಇಷ್ಟು ಎಂದು ಇದರ ದುಪ್ಪಟ್ಟು ಮಾರುವವರಿದ್ದಾರೆ. ಎಲ್ಲವನ್ನೂ ಒಂದೇ ಕಟ್ಟಡದ ಮೇಲಿಟ್ಟು ಅಂಗಳದಾಚೆಗೆ ಪೈಪ್ ಎಳೆಯಬೇಡಿ, ಬ್ಲಾಕಿಗೊಂದು ಟ್ಯಾಂಕ್ ಇರಲಿ. ಒಂದಿಂಚಿನ ಪೈಪ್ 30 ಮೀಟರ್ ಇದ್ದರೆ ಅದರೊಳಗೇ 15 ಲೀಟರ್ ನೀರು ತಣಿದು ನಿಂತಿರುತ್ತದೆ. ಯಾತ್ರಿಕ ಮುಕ್ಕಾಲು ಬಕೆಟ್ ಚೆಲ್ಲಿ, ಇದು ಕೆಟ್ಟಿದೆ ಎಂದುಕೊಂಡು ಗೀಸರ್ ಹಾಕುತ್ತಾನೆ. ಪೈಪಿನಲ್ಲಿ ತಣಿದ ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನಿನ ಸಣ್ಣ ಪಂಪ್ ಇದಕ್ಕೆ ಪರಿಹಾರವೇ ಸರಿ, ಆದರೆ ಅದೂ ಟೈಮರ್ ಮತ್ತು ಥರ್ಮೋಸ್ಟಾಟ್ ಹಿಡಿತದಲ್ಲಿರಬೇಕು. ರಾತ್ರಿಯಿಡೀ ಓಡಿದರೆ ಟ್ಯಾಂಕಿನ ಬಿಸಿಯನ್ನೆಲ್ಲ ಗೋಡೆಗೆ ಹಂಚಿಬಿಡುತ್ತದೆ.

ಮಿಕ್ಸರ್ ನಲ್ಲಿಯ ಕಾಟ ಇನ್ನೊಂದು. ತಣ್ಣೀರು ಎತ್ತರದ ಟ್ಯಾಂಕಿನಿಂದ, ಬಿಸಿನೀರು ತಗ್ಗಿನ ಟ್ಯಾಂಕಿನಿಂದ ಬಂದರೆ ಒತ್ತಡ ಹೆಚ್ಚಿದ್ದ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗುತ್ತದೆ. ಒಂದು ಕೋಣೆಯ ನಲ್ಲಿ ಸರಿಯಿಲ್ಲದಿದ್ದರೂ ಇಡೀ ಸಾಲಿಗೆ ಉಗುರುಬೆಚ್ಚಗಿನ ನೀರು. ಎರಡಕ್ಕೂ ಒಂದೇ ಎತ್ತರದಿಂದ ನೀರು ಕೊಟ್ಟು, ಕೋಣೆಕೋಣೆಗೂ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿದರೆ ನಿಲ್ಲುತ್ತದೆ. ಸೋಲಾರ್ ಟ್ಯಾಂಕಿನ ವಿದ್ಯುತ್ ಕಾಯಿಲನ್ನು ಬೆಳಗಿನ ಜಾವ ಎರಡು ತಾಸಿಗೆ ಕಟ್ಟಿಹಾಕಿ. ಹಗಲಲ್ಲೂ ಆನ್ ಇದ್ದರೆ ಸೂರ್ಯ ಕಾಯಿಸಬೇಕಾದ ನೀರನ್ನು ಕರೆಂಟೇ ಕಾಯಿಸಿರುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಹೀಟ್ ಎಕ್ಸ್‌ಚೇಂಜರ್ ಇರುವ (ಬಳಕೆಯ ನೀರು ಬಿಸಿಲಿನ ಫಲಕದೊಳಗೆ ಹರಿಯದ) ಮಾದರಿಯೇ ಬೇಕು, ಇಲ್ಲದಿದ್ದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನಂಬುವಂತಿಲ್ಲ. ಅಲ್ಲಿ ಗಾಳಿಯ ಬಿಸಿಯನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಚೆನ್ನಾಗಿ ಒಗ್ಗುತ್ತದೆ, ಗೀಸರಿನ ಮೂರನೇ ಒಂದು ಪಾಲು ಕರೆಂಟಿನಲ್ಲಿ ಅದೇ ಕೆಲಸ ಮಾಡುತ್ತದೆ.

ದೀಪದಲ್ಲಿ ಕಾರಿಡಾರ್ ಮೊದಲು, ಕೋಣೆ ಆಮೇಲೆ. ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ 50 ವಾಟಿಗೂ ಮೇಲೆ, ಎಲ್‌ಇಡಿ 20 ವಾಟ್. ರಾತ್ರಿಯಿಡೀ ಉರಿಯುವ ಜಾಗದಲ್ಲಿ ಹಾಕಿದ ದುಡ್ಡು ತಿಂಗಳುಗಳಲ್ಲೇ ಹುಟ್ಟುತ್ತದೆ. ಫ್ಯಾನಿಗೆ ಅವಸರ ಬೇಡ. 75 ವಾಟಿನ ಹಳೆಯ ಫ್ಯಾನನ್ನು ತೆಗೆದು 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ) ಫ್ಯಾನ್ ಹಾಕಿದರೆ ಅಸಲು ಬರಲು ಮೂರ್ನಾಲ್ಕು ವರ್ಷ. ಸುಟ್ಟದ್ದನ್ನು ರೀವೈಂಡಿಂಗ್ ಮಾಡಿಸದೆ ಒಂದೊಂದಾಗಿ ಬದಲಿಸುತ್ತ ಹೋಗಿ. ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಲೇಬೇಕು, ಅದರ ಮೂಲಕ ಓಡಿಸಿದರೆ ಫ್ಯಾನಿನ ಸರ್ಕ್ಯೂಟ್ ಬೇಗ ಕೆಡುತ್ತದೆ. ಡಾರ್ಮಿಟರಿಗೆ ರಿಮೋಟ್ ಫ್ಯಾನ್ ಬೇಡವೇ ಬೇಡ. ಒಬ್ಬರು ಗುಂಡಿ ಒತ್ತಿದರೆ ನಾಲ್ಕು ಫ್ಯಾನ್ ನಿಲ್ಲುತ್ತವೆ, ಮರುದಿನ ರಿಮೋಟೇ ಇರುವುದಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಮಳೆಗಾಲ, ಇನ್ನೊಂದು ಜಾತ್ರೆ ಕಳೆಯಲಿ. ಹೊಸ ಗರಿಷ್ಠ ಬೇಡಿಕೆ ಎಷ್ಟೆಂದು ನೋಡಿಕೊಂಡು, ಯಾವ ಆರ್‌.ಆರ್‌. ಸಂಖ್ಯೆಯಲ್ಲಿ ಮಂಜೂರಾದ ಲೋಡ್ ಬೇಕಾದ್ದಕ್ಕಿಂತ ಹೆಚ್ಚಿದೆಯೋ ಅದನ್ನು ಇಳಿಸಲು ಮೆಸ್ಕಾಂಗೆ ಅರ್ಜಿ ಕೊಡಿ. ಗೀಸರ್ ತೆಗೆದರೂ ಈ ಅರ್ಜಿ ಕೊಡದವರು ಹಳೆಯ ಲೋಡಿನ ನಿಗದಿತ ಶುಲ್ಕವನ್ನು ತಿಂಗಳು ತಿಂಗಳೂ ಕಟ್ಟುತ್ತಲೇ ಇರುತ್ತಾರೆ. ಸೌರ ಫಲಕದ ಕೊಟೇಶನ್ ತರಿಸುವುದಾದರೆ ಆ ಹೊಸ ಬಿಲ್ಲನ್ನು ಮುಂದಿಟ್ಟು ತರಿಸಿ.

– ಇಂಧನ ಲೆಕ್ಕಪರಿಶೋಧಕ, ಶಿವಮೊಗ್ಗ