ಧಾರೂರು ಜಾತ್ರೆಯ ಹಿಂದಿನ ಕಥೆಯನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನವೆಂಬರ್ ಬಂತೆಂದರೆ ನಮ್ಮ ಬೀದರ್ ಕಡೆಯ ಹಳ್ಳಿಗಳಿಂದ ಜನ ವಿಕಾರಾಬಾದ್ ರೈಲು ಹತ್ತುತ್ತಾರೆ, ತೆಲಂಗಾಣದ ಧಾರೂರಿನಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದವರು ನಡೆಸುವ ಜಾತ್ರೆಗೆ. 1923ರಿಂದ ನಡೆದುಕೊಂಡು ಬಂದಿದೆ. ನಾನು ಓದುವ ಸುದ್ದಿಯಲ್ಲಿ ಎಷ್ಟು ಜನ ಸೇರಿದರು, ಎಷ್ಟು ಬಸ್ಸು ಬಿಟ್ಟರು ಅಷ್ಟೇ ಇರುತ್ತದೆ. ಅದು ಸಾಲದು.

ನಮ್ಮ ಅಜ್ಜಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು. ಮರದ ಕೆಳಗೆ ಹಳೆ ಸೀರೆಯ ನೆರಳು, ಮೂರು ಕಲ್ಲಿನ ಒಲೆ, ಸಂಜೆಯಾದರೆ ಹಾಡು, ಪ್ರಾರ್ಥನೆ. ಹೀಗೆ ಬಯಲಲ್ಲೇ ಉಳಿದು ದೇವರ ಮಾತು ಕೇಳುವ ರೂಢಿ ಎಲ್ಲಿಂದ ಬಂತು ಅಂತ ಹುಡುಕಿದರೆ ಬಹಳ ದೂರ ಹೋಗಬೇಕು. ಬೀದರಿಗೆ ಬಂದ ಮೆಥೋಡಿಸ್ಟ್ ಮಿಷನ್ ಅಮೆರಿಕದ್ದು. ಅಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ 1801ರ ಆಗಸ್ಟ್‌ನಲ್ಲಿ ರೈತರು ಬಂಡಿಯಲ್ಲಿ ಹಾಸಿಗೆ, ಊಟ ಹಾಕಿಕೊಂಡು ಬಂದು ದಿನಗಟ್ಟಲೆ ಉಳಿದಿದ್ದರು. ಸಭೆ ಕರೆದವರು ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಕ್ರೈಸ್ತ ಪಂಗಡದವರು, ಆದರೆ ಮೆಥೋಡಿಸ್ಟರೂ ಅಲ್ಲಿ ಬೋಧನೆ ಮಾಡಿದರು, ಆಮೇಲೆ ಈ ಪದ್ಧತಿಯನ್ನು ತಮ್ಮದಾಗಿಸಿಕೊಂಡರು. ಮನೆಗಳು ದೂರ ದೂರ, ಹತ್ತಿರದಲ್ಲಿ ಚರ್ಚ್ ಇಲ್ಲ, ಬೋಧಕರು ಕುದುರೆಯ ಮೇಲೆ ಊರೂರು ತಿರುಗುವವರು. ಅಂಥವರಿಗೆ ಇದು ವರ್ಷಕ್ಕೊಮ್ಮೆ ನೆಂಟರನ್ನು ನೋಡುವ ಜಾಗವೂ ಆಗಿತ್ತು ಅಲ್ವಾ?

ಇಂಗ್ಲೆಂಡಿನ ಕಥೆ ನನ್ನ ಮನಸ್ಸಿಗೆ ಇನ್ನೂ ಹತ್ತಿರ. 1807ರ ಮೇ 31ರಂದು ಹ್ಯೂ ಬೋರ್ನ್ ಎಂಬ ಬಡಗಿ ಮತ್ತು ಅವನ ಗೆಳೆಯರು ಮೌ ಕಾಪ್ ಗುಡ್ಡದ ಮೇಲೆ ಇಂಥದೇ ಸಭೆ ನಡೆಸಿದರು. ಮೆಥೋಡಿಸ್ಟ್ ಪಂಗಡದ ದೊಡ್ಡವರಿಗೆ ಹಿಡಿಸಲಿಲ್ಲ. ಅಮೆರಿಕಕ್ಕೆ ಸರಿ, ಇಲ್ಲಿಗೆ ಬೇಡ ಅಂದರು. ಮರುವರ್ಷ ಬೋರ್ನ್‌ನನ್ನು ಪಂಗಡದಿಂದಲೇ ಹೊರಗೆ ಹಾಕಿದರು. ಹೊರಗೆ ಬಿದ್ದವರೇ ಪ್ರಿಮಿಟಿವ್ ಮೆಥೋಡಿಸ್ಟ್ ಎಂಬ ಬೇರೆ ಪಂಗಡವಾದರು. ಕುಂಬಾರರು, ಗಣಿಯವರು, ಕೂಲಿಗಳು, ಹೆಂಗಸರು ಕೂಡ ಎದ್ದು ನಿಂತು ಬೋಧಿಸಿದರು.

ಜನರ ಎದುರು ಮಾತಾಡುವುದನ್ನು ಕಲಿತ ಕೂಲಿಯವನು ಸುಮ್ನೆ ಇರುವುದಿಲ್ಲ. 1834ರಲ್ಲಿ ಟಾಲ್ಪಡಲ್ ಹಳ್ಳಿಯ ಆರು ಕೃಷಿ ಕೂಲಿಗಳು ಸಂಘ ಕಟ್ಟಿದಾಗ, ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆಪದಲ್ಲಿ ಅವರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಅವರ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥೋಡಿಸ್ಟ್ ಬೋಧಕ. 1872ರಲ್ಲಿ ಕೃಷಿ ಕೂಲಿಗಳ ಸಂಘ ಕಟ್ಟಿದ ಜೋಸೆಫ್ ಆರ್ಚ್ ಕೂಡ ಪ್ರಿಮಿಟಿವ್ ಮೆಥೋಡಿಸ್ಟ್ ಬೋಧಕನೇ.

ನಮ್ಮ ಕಡೆ ಧಾರೂರು ಜಾತ್ರೆಯ ಹಾಡು, ಸಾಕ್ಷಿ ಮಾತು (ತಮ್ಮ ನಂಬಿಕೆಯ ಅನುಭವವನ್ನು ಎಲ್ಲರೆದುರು ಹೇಳುವುದು) ಯಾರಿಗೆ ಬಾಯಿ ಕೊಟ್ಟಿತು ಅಂತ ಯಾರಾದರೂ ಕೇಳಬೇಕು. ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಾಲದ ಮಾತು ಹೇಳುವ ಹಿರಿಯರು ಹಳ್ಳಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಈ ಸಲ ನವೆಂಬರ್‌ಗೆ ಮೊದಲೇ ನಿಮ್ಮ ವರದಿಗಾರರನ್ನು ಕಳಿಸಿ. ನಾನೇ ಮನೆ ಮನೆಗೆ ಕರೆದುಕೊಂಡು ಹೋಗುತ್ತೇನೆ.

– ಒಬ್ಬ ಓದುಗ, ಬೀದರ್