ಬೆಣೆ ಬಿಚ್ಚಬೇಡ ಮಾದೇವ

ಮೈಸೂರು, ಭಾನುವಾರ

ಮಾದೇವ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ಕೂಗಾಟ ಕೇಳಿ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. "ಈ ದರಿದ್ರ ರೈಫಲ್ ಮತ್ತೆ ಕೆಟ್ಟಿದೆ ಕಣೋ, ಬಲದ ನಳಿಗೆ ಎಡಕ್ಕೆ ಹೊಡೀತಿದೆ, ಎಡದ್ದು ಬಲಕ್ಕೆ. ಇವತ್ತೇ ಬೆಣೆ ಬಿಚ್ಚಿಬಿಡ್ತೀನಿ" ಅಂದೆಯಲ್ಲ. ಜೋಡಿ ನಳಿಗೆಯ ಮೂತಿಗಳ ನಡುವೆ ಕೂತು ಅವುಗಳ ಅಂತರ ಹಿಡಿದಿಡುವ ಆ ಬೆಣೆಯನ್ನು ದಯವಿಟ್ಟು ಬಿಚ್ಚಬೇಡ. ಸ್ಕ್ರೂಡ್ರೈವರ್ ಕೆಳಗಿಟ್ಟು ಇದನ್ನು ಓದು. ಮಧ್ಯದಲ್ಲಿ ನನಗೂ ಮಾತಾಡಲು ಬಿಟ್ಟಿದ್ದರೆ ಇಷ್ಟು ಬರೆಯುವ ಕೆಲಸವೇ ಇರಲಿಲ್ಲ.

ಹೋದ ಚಳಿಗಾಲ ಟೆಕ್ಸಾಸಿನಲ್ಲಿ ನಾವಿಬ್ಬರೂ ಹೊಡೆದ ಗುರಿ ಹಾಳೆಗಳನ್ನು ಶಾಪಿನ ಬೀರು ಬಾಗಿಲ ಒಳಗೆ ಅಂಟಿಸಿಕೊಂಡಿದ್ದೇನೆ. ಲೇತ್ ಹುಡುಗರು "ಇದೇನು ಸಾರ್, ಇಲಿ ಕಡಿದಿದ್ದಾ?" ಅಂತಾರೆ. ಒಂದೊಂದು ತೂತಿನ ಪಕ್ಕವೂ 'ಎ', 'ಬ' ಅಂತ ಬರೆದಿದ್ದೇನೆ. ಎಡ, ಬಲ. ಈಗ ಅದನ್ನು ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲ ದಿನ ನೆನಪಿದೆಯಾ? ನೀನು ಬಲದ ನಳಿಗೆಯಲ್ಲಿ ನಾಲ್ಕು ಗುಂಡು ಹೊಡೆದೆ, ಆಮೇಲೆ ಎಡದಲ್ಲಿ ನಾಲ್ಕು. ನಳಿಗೆಯನ್ನು ನೇರವಾಗಿ ಮರದ ದಿಮ್ಮಿ ಮೇಲೆ ಇಟ್ಟು. ಗುಂಡುಗಳು ಹಾಳೆಯ ತುಂಬಾ ಎಲ್ಲೆಂದರಲ್ಲಿ. ಮೂವತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನು ನಾನು. ಎರಡು ಕೊಳವೆ ಒಟ್ಟಿಗೆ ಬೆಸೆದು, ಒಂದನ್ನೇ ಕಾಯಿಸಿದರೆ ಏನಾಗುತ್ತೆ ಅಂತ ಗೊತ್ತಿಲ್ವಾ? ಕಾದದ್ದು ಹಿಗ್ಗುತ್ತೆ, ತಣ್ಣಗಿರುವುದನ್ನೂ ಎಳೆದು ಬಾಗಿಸುತ್ತೆ. ಅದಕ್ಕೇ ಬಲ ಒಂದು, ಎಡ ಒಂದು, ಆಮೇಲೆ ಕೋವಿಯನ್ನು ನಡುವೆ ಮಡಚಿ ತೆರೆದಿಟ್ಟು, ತಣ್ಣಗಾಗುವವರೆಗೆ ಕಾಯೋಣ ಅಂದೆ. ಪ್ರತಿ ಜೋಡಿಗೂ ಹತ್ತು ನಿಮಿಷ. ನಾನು ತಂದಿದ್ದ ಕೋಡುಬಳೆ ಎಲ್ಲ ಅಲ್ಲೇ ಖಾಲಿಯಾಯಿತು. ಮರಳಿನ ಚೀಲದ ಮೇಲೆ ಕೈ, ಕೈ ಮೇಲೆ ಕೋವಿ. ಗಟ್ಟಿ ವಸ್ತುವಿನ ಮೇಲೆ ನಳಿಗೆ ಇಟ್ಟರೆ ಅದು ಚಿಮ್ಮಿ ಮೇಲೆ ಹೊಡೆಯುತ್ತೆ. ಅಷ್ಟು ಮಾಡಿದ್ದಕ್ಕೇ ಚೆಲ್ಲಾಪಿಲ್ಲಿ ಬಿದ್ದದ್ದು ಎರಡು ಗುಂಪಾಯಿತು. 50 ಗಜದಲ್ಲಿ ಬಲದ ಗುಂಪು ಬಲಕ್ಕೆ, ಎಡದ್ದು ಎಡಕ್ಕೆ, ನಡುವೆ ಮೂರು ಇಂಚು. ಎರಡೂ ಗುರಿಗಿಂತ ನಾಲ್ಕು ಇಂಚು ಕೆಳಗೆ.

ನಿನ್ನ ರೈಫಲಿನ ಗುಟ್ಟು ಇರುವುದು ಇಲ್ಲೇ. ಜೋಡಿ ನಳಿಗೆ ರೈಫಲಿನಲ್ಲಿ ನಳಿಗೆಗಳು ಸಮಾನಾಂತರ ಇರುವುದಿಲ್ಲ, ಮೂತಿಯ ಕಡೆಗೆ ಒಂದರತ್ತ ಒಂದು ವಾಲಿರುತ್ತವೆ. ಯಾಕೆ? ಬಲದ ನಳಿಗೆ ಹಾರಿದಾಗ ಕೋವಿ ಬಲಕ್ಕೆ, ಮೇಲಕ್ಕೆ ಒದೆಯುತ್ತೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಆ ಒದೆ ಶುರುವಾಗಿರುತ್ತೆ. ಒದೆ ಎಷ್ಟು ತಳ್ಳುತ್ತೋ ಅಷ್ಟು ಮೊದಲೇ ಒಳಕ್ಕೆ ವಾಲಿಸಿಟ್ಟಿರುತ್ತಾರೆ. ನಮ್ಮೂರಲ್ಲಿ ಹಳ್ಳಿಕಾರ್ ಜೋಡಿ ಕಟ್ಟುವಾಗ, ಹೊರಕ್ಕೆ ಎಳೆಯುವ ಎತ್ತನ್ನು ನಿಮ್ಮಪ್ಪ ಒಳಕ್ಕೆ ಬಿಗಿದು ಕಟ್ಟುತ್ತಿದ್ದರಲ್ಲ, ಹಂಗೆ.

ಇಂಗ್ಲೆಂಡಿನ ದುಬಾರಿ ಜೋಡಿ ರೈಫಲುಗಳಿಗೆ ಆ ಪಾಟಿ ಬೆಲೆ ಇರುವುದಕ್ಕೆ ಇದೂ ಒಂದು ಕಾರಣ. ಒಬ್ಬ ಕೆಲಸಗಾರ ಹೊಡೆದು ನೋಡಿ, ಬೆಸುಗೆ ಕರಗಿಸಿ, ಮೂತಿಯ ನಡುವಿನ ಬೆಣೆ ಒಂಚೂರು ಸರಿಸಿ, ಮತ್ತೆ ಬೆಸೆದು, ಮತ್ತೆ ಹೊಡೆಯುತ್ತಾನೆ. ರಾಜರ ಕಾಲದಲ್ಲಿ ಮೈಸೂರು ಸೀಮೆಯ ಶಿಕಾರಿಗೆ ಅಂಥವೇ ಬರುತ್ತಿದ್ದವು. ಹೊಡೆದ ಹುಲಿಗಳು ಇಲ್ಲೇ ವ್ಯಾನ್ ಇಂಗೆನ್ ಕಾರ್ಖಾನೆಗೆ ಹೋಗಿ ಚರ್ಮ ಹದ ಮಾಡಿಸಿಕೊಂಡು, ಅಚ್ಚಿನ ಮೇಲೆ ಹೊದಿಸಿಕೊಂಡು ಗೋಡೆ ಸೇರುತ್ತಿದ್ದವು. 1972ರ ವನ್ಯಜೀವಿ ಕಾಯಿದೆ ಬಂತು, ಶಿಕಾರಿ ನಿಂತಿತು, 1999ರಲ್ಲಿ ಕಾರ್ಖಾನೆಯೂ ಮುಚ್ಚಿತು. ಒಳ್ಳೆಯದೇ ಆಯಿತು ಬಿಡು. ನಿನ್ನದು ಅಗ್ಗದ ಮಾಲು, ಅದರಲ್ಲಿ ಬೆಸುಗೆಯ ಬದಲು ಸ್ಕ್ರೂ ಇರುವ ಬೆಣೆ. ಯಾರಾದರೂ ತಿರುಗಿಸಬಹುದು. ಅದೇ ಅದರ ಗುಣ, ಅದೇ ಅದರ ಶಾಪ. ನಿನ್ನಂಥವನ ಕೈಗೆ ಸಿಕ್ಕರೆ ಶಾಪವೇ ಜಾಸ್ತಿ.

ಎರಡನೇ ದಿನ ನಾವು ಬೆಣೆ ಹಿಂದಕ್ಕೆ ಸರಿಸಿ ಮೂತಿಗಳನ್ನು ಹತ್ತಿರ ತಂದೆವು. ಸರಿಸಿದ್ದು ಒಂದು ಮಿಲಿಮೀಟರೂ ಇರಲಿಲ್ಲ. ಮೂರನೇ ಸಲಕ್ಕೆ ಎಡ ಬಲ ಎರಡೂ ಒಂದು ಅಂಗೈ ಅಗಲದಲ್ಲಿ ಬಿದ್ದವು. ನೀನು ಕುಣಿದೆ. ನನಗೆ ಭುಜದ ನೋವಿಗೆ ಕುಣಿಯಲಾಗಲಿಲ್ಲ. ದಸರೆಯ ಕುಶಾಲತೋಪು ಕೇಳಿ ಬೆಳೆದ ಕಿವಿ ತಡೆದುಕೊಂಡಿತು, ಭುಜ ತಡೆಯಲಿಲ್ಲ.

ಸೈಟ್, ಅಂದರೆ ನಳಿಗೆಯ ಮೇಲೆ ಹಿಂದೊಂದು ಮುಂದೊಂದು ಇರುವ ಗುರಿ ನೋಡುವ ಮೊನೆ, ಮುಟ್ಟಿದ್ದು ಅದಾದ ಮೇಲೆ, ನೆನಪಿರಲಿ. ಜೋಡಿ ಸೇರದೆ ಸೈಟ್ ತಿದ್ದುವುದೆಂದರೆ ನೊಗ ಕಟ್ಟದೆ ಗಾಡಿ ಹೊಡೆದ ಹಾಗೆ. ಲೆಕ್ಕ ನಿನ್ನ ಮುಂದೆಯೇ ಹಾಕಿದ್ದೆ: ತಪ್ಪಿದ ಇಂಚನ್ನು ಎರಡು ಸೈಟುಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸು. ನಾಲ್ಕು ಇಂಚು ಕೆಳಗೆ, ಸೈಟುಗಳ ನಡುವೆ 18 ಇಂಚು, 50 ಗಜ ಅಂದರೆ 1800 ಇಂಚು. ಬಂದದ್ದು 0.04 ಇಂಚು, ಸುಮಾರು ಒಂದು ಮಿಲಿಮೀಟರ್. ಗುಂಡು ಮೇಲೆ ಬೀಳಬೇಕಾದರೆ ಮುಂದಿನ ಸೈಟ್ ಗಿಡ್ಡವಾಗಬೇಕು. ನಾನು ಮೊದಲು ಮುಕ್ಕಾಲು ಭಾಗ ಮಾತ್ರ ಅರ ಹಾಕಿದೆ, ಹೊಡೆದು ನೋಡಿ ಉಳಿದದ್ದು. ಉಜ್ಜಿದ ಲೋಹ ವಾಪಸ್ ಬರೋದಿಲ್ವಲ್ಲ.

ಈಗ ನಿನ್ನ ಹೊಸ ಕಾಯಿಲೆಗೆ ಬರುತ್ತೇನೆ. ಫೋನಿನಲ್ಲಿ ಎಲ್ಲ ಹೇಳಿ ಕೊನೆಗೆ "ಹೊಸ ಡಬ್ಬಿ ತೋಟಾ ತಂದೆ, 300 ಗ್ರೇನ್, ಸ್ವಲ್ಪ ಸ್ಪೀಡು ಜಾಸ್ತಿ" ಅಂತ ಒಂದು ಮಾತು ಸೇರಿಸಿದೆ. ಅದನ್ನೇ ಮೊದಲು ಹೇಳಬೇಕಿತ್ತು ಕಣೋ! ನಾವು ಕೂಡಿಸಿದ್ದು 405 ಗ್ರೇನಿಗೆ. ಅಂದರೆ 26 ಗ್ರಾಂ ತೂಕದ, ಸೆಕೆಂಡಿಗೆ ಸುಮಾರು 400 ಮೀಟರ್ ಹೋಗುವ ನಿಧಾನದ ಗುಂಡಿಗೆ. ಹಗುರ ಗುಂಡು ಬೇಗ ಮೂತಿ ದಾಟುತ್ತೆ. ಒದೆ ನಳಿಗೆಯನ್ನು ಹೊರಕ್ಕೆ ತಳ್ಳುವ ಮೊದಲೇ ಅದು ಹೊರಟಾಗಿರುತ್ತೆ. ಹಾಗಾಗಿ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಕತ್ತರಿ ಹಾಕುತ್ತೆ. ಕೆಳಗೂ ಬೀಳ್ತಿದೆ ಅಂದೆಯಲ್ಲ, ಅದಕ್ಕೂ ಅದೇ ಕಾರಣ. ನಿಧಾನವಾದರೆ ಅಗಲ, ಜೋರಾದರೆ ಕತ್ತರಿ. ರೈಫಲ್ ಕೆಟ್ಟಿಲ್ಲ, ನೀನು ತೋಟಾ ಬದಲಾಯಿಸಿದ್ದೀಯ.

ನಿನ್ನ 45-70ರಲ್ಲಂತೂ ಈ ತಾಪತ್ರಯ ಜಾಸ್ತಿ. ಅದು 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ. 70 ಅಂದರೆ 70 ಗ್ರೇನ್ ಕರಿಮದ್ದು. ಆ ಕಾಲದ ಕೋವಿಗಳು ಇನ್ನೂ ಜನರ ಹತ್ತಿರ ಇರುವುದರಿಂದ ಕೆಲವು ಡಬ್ಬಿ ಮೆತ್ತಗೆ ತುಂಬಿರುತ್ತಾರೆ, ಹೊಸ ಕೋವಿಗೆ ಅಂತ ಕೆಲವು ಜೋರಾಗಿ. ಹೆಸರು ಒಂದೇ, ಒಳಗಿನ ಬುದ್ಧಿ ಬೇರೆ ಬೇರೆ.

ನಮ್ಮ ತಾತನ 12 ಬೋರ್ ಜೋಡಿ ಕೋವಿಗೆ ಈ ರಗಳೆ ಇರಲೇ ಇಲ್ಲ. ಮೂತಿಯಲ್ಲೊಂದು ಮಣಿ, ಅಷ್ಟೇ. ಕಬ್ಬಿನ ಗದ್ದೆಗೆ ಹಂದಿ ಬಂದರೆ ಆಕಾಶಕ್ಕೆ ಒಂದು, ಇನ್ನೂ ಹೋಗದಿದ್ದರೆ ಇನ್ನೊಂದು. ಎಡ ಬಲ ಎಲ್ಲಿ ಹೋಯಿತು ಅಂತ ಯಾರು ಕೇಳಬೇಕು? ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಚೀಟಿ ತರುವುದೊಂದೇ ಅದರ ಕಷ್ಟ.

ಈಗ ಮಾಡಬೇಕಾದ್ದು ಇಷ್ಟೇ. ಹಳೆ 405ರ ಡಬ್ಬಿಯಲ್ಲಿ ಎಂಟು ಉಳಿದಿವೆ ಅಂದೆ. ಗಾಳಿ ಇಲ್ಲದ ಬೆಳಿಗ್ಗೆ ಹೋಗು. 50 ಗಜ, ನಾಲ್ಕು ಜೋಡಿ, ಬಲ ಮೊದಲು. ಜೋಡಿಗೊಂದು ಕಾಫಿ. ತೂತಿನ ಪಕ್ಕ 'ಎ', 'ಬ' ಬರೆಯದೆ ಹಾಳೆ ಇಳಿಸಬೇಡ. ಆಮೇಲೆ ಅದೇ ತೋಟಾ ಇನ್ನೂ ನಾಲ್ಕು ಡಬ್ಬಿ ಕೊಂಡಿಟ್ಟುಕೋ. ಆ 300ರ ಡಬ್ಬಿಯನ್ನು ನಿನ್ನ ಪಕ್ಕದ ಮನೆಯ ಸಿಂಗಲ್ ನಳಿಗೆಯವನಿಗೆ ಕೊಟ್ಟುಬಿಡು, ಅವನ ಕೋವಿ ಅದಕ್ಕೆ ತಡೆಯುತ್ತೆ ಅಂತ ಮೊದಲು ಖಾತ್ರಿ ಮಾಡಿಕೊಂಡು.

ದಸರಾಕ್ಕೆ ಬರುವಾಗ ಹಾಳೆ ಮಡಚದೆ ಸುರುಳಿ ಸುತ್ತಿ ತಾ. ಬೀರು ಬಾಗಿಲಲ್ಲಿ ಇನ್ನೊಂದಕ್ಕೆ ಜಾಗ ಇದೆ.

ನಿನ್ನ,
ಶಿವಣ್ಣ