ಹೆಬ್ಬೆಟ್ಟು ಬೇಡ, ಸಹಿ ತಗೊಳ್ಳಿ: ನಮ್ಮ ಶಾಸಕರಿಗೊಂದು ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರಳು. ಈ ಪತ್ರ ನನ್ನ ಅಮ್ಮನ ಹೆಬ್ಬೆರಳಿನ ಬಗ್ಗೆ.

ಅಮ್ಮನಿಗೆ ಈಗ 68. ಮಲೆನಾಡಿನ ಈ ಮೂಲೆಯಲ್ಲಿ ನಲವತ್ತು ವರ್ಷ ಕಂಡವರ ಅಂಗಳದಲ್ಲಿ ಅಡಿಕೆ ಸುಲಿದವಳು. ಚೊಗರು ಹತ್ತಿ ಬೆರಳು ಕಪ್ಪಾಗಿವೆ. ಮೆಟ್ಟುಗತ್ತಿ ಮುಂದೆ ಕೂತು ಕೂತು ಹೆಬ್ಬೆರಳಿನ ಗೆರೆಗಳೆಲ್ಲ ಸವೆದಿವೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ, ದಿನವಿಡೀ ಕೂಲಿ ಮಾಡಿ ಬಂದು ರಾತ್ರಿ ಲಾಟೀನು ಬೆಳಕಲ್ಲಿ ತನ್ನ ಹೆಸರು ಬರೆಯೋದು ಕಲಿತಳು. ಇನ್ನು ಯಾರೂ ತನ್ನನ್ನು ‘ಹೆಬ್ಬೆಟ್ಟು’ ಅನ್ನಬಾರದು ಅನ್ನೋದೇ ಅವಳ ಹಟ. ಈಗ ನೋಡಿ, ಸರ್ಕಾರ ಎಲ್ಲದಕ್ಕೂ ಮತ್ತೆ ಹೆಬ್ಬೆಟ್ಟೇ ಕೇಳುತ್ತಿದೆ!

ಬರೀ ದೂರು ಹೇಳೋಕೆ ಬರೆಯುತ್ತಿಲ್ಲ. ನಮ್ಮ ಕಡೆ ಮನೆಗೆ ಬಂದವರು ‘ಯಜಮಾನ್ರು ಇದ್ದಾರಾ?’ ಅಂತಲೇ ಕೇಳುವುದು. ಅಪ್ಪ ಹೋದ ಮೇಲೂ ಅಣ್ಣನನ್ನು ಹುಡುಕುತ್ತಿದ್ದರು, ಅಮ್ಮ ಎದುರಿಗೇ ನಿಂತಿದ್ದರೂ. ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆ ಹೇಳಿತ್ತು, ನಿಜ. ಆದರೆ ನಮ್ಮನೆಯಲ್ಲಿ ಆ ಮಾತಿಗೆ ಜೀವ ಬಂದದ್ದು 2023ರಲ್ಲಿ, ಗೃಹಲಕ್ಷ್ಮಿಯ ಮೊದಲ 2,000 ರೂಪಾಯಿ ಅವಳ ಖಾತೆಗೆ ಬಿದ್ದಾಗ. ಯಾರನ್ನೂ ಕೇಳದೆ ಪೇಟೆಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದಳು. ‘ಮಾಡಿಸೋಣ ತಡಿ’ ಅಂತ ನಾವು ಮೂರು ವರ್ಷ ಮುಂದೂಡಿದ್ದ ಕನ್ನಡಕ. ಎಲ್ಲರಿಗೂ ಬಡಿಸಿ ಕೊನೆಗೆ ಒಲೆ ಪಕ್ಕ ಕೂರುವವಳು, ಅವತ್ತು ರಾತ್ರಿ ನಮ್ಮ ಜೊತೆಗೇ ತಟ್ಟೆ ಇಟ್ಟುಕೊಂಡಳು. ಇದಕ್ಕೆ ನಿಮಗೂ ಸರ್ಕಾರಕ್ಕೂ ಥ್ಯಾಂಕ್ಸ್ ಹೇಳಲೇಬೇಕು.

ಕಷ್ಟ ಏನೆಂದರೆ, ಆ ಧೈರ್ಯ ಕಂತು ಬಂದ ತಿಂಗಳಿಗೆ ಮಾತ್ರ. ಒಮ್ಮೊಮ್ಮೆ ಎರಡು ತಿಂಗಳು ಸುದ್ದಿಯೇ ಇಲ್ಲ, ಆಮೇಲೆ ಒಟ್ಟಿಗೆ ಬರುತ್ತದೆ. ನಲ್ಲಿ ಹತ್ತಿರ ಹೆಂಗಸರದ್ದು ಈಗ ಒಂದೇ ಮಾತು: ‘ನಿಂಗೆ ಬಂತಾ?’ ಪಕ್ಕದ ಮನೆಯವಳಿಗೆ ಬಂದು ತನಗೆ ಬರದಿದ್ದರೆ ಅಮ್ಮನಿಗೆ ನಿದ್ದೆ ಹತ್ತುವುದಿಲ್ಲ. ‘ನಾನೇ ಯಾವ್ದೋ ಕಾಗದ ಕೊಟ್ಟಿಲ್ಲ ಅನ್ಸುತ್ತೆ’ ಅಂತ ಟ್ರಂಕು ತೆಗೆದು ಕೂರುತ್ತಾಳೆ. ಸಂಘದ ಕಂತು ಮಂಗಳವಾರ ಅಂದರೆ ಮಂಗಳವಾರ. ಸರ್ಕಾರದ ಕಂತಿಗೂ ಒಂದು ತಾರೀಕು ಇರಲಿ. ತಡವಾದರೆ ತಡ ಅಂತ ಕನ್ನಡದಲ್ಲಿ ಒಂದು ಮೆಸೇಜ್ ಸಾಕು. ನಿಮ್ಮ ಸಂಬಳಕ್ಕೂ ಒಂದು ತಾರೀಕು ಇದೆ ಅಲ್ವಾ?

ಇನ್ನು ರೇಷನ್. ಕಳೆದ ಮಳೆಗಾಲದಲ್ಲಿ ನಾನೂ ಜೊತೆಗೆ ಹೋಗಿದ್ದೆ. ಮೆಷಿನ್ ಮೇಲೆ ಬೆರಳಿಟ್ಟಳು, ತಗೊಳ್ಳಲಿಲ್ಲ. ‘ತಲೆಗೆ ಉಜ್ಜಿ ಇಡಿ ಅಮ್ಮಾ’ ಅಂದರು. ಎಣ್ಣೆಗೂದಲಿಗೆ ಉಜ್ಜಿ ಇಟ್ಟಳು. ಸೆರಗಿಗೆ ಒರೆಸಿ ಇಟ್ಟಳು. ಎಡಗೈ ಇಟ್ಟಳು. ಹಿಂದೆ ನಿಂತವರು ‘ಬೇಗ ಬೇಗ’ ಅನ್ನುತ್ತಿದ್ದರು. ‘ನಾಳೆ ಬನ್ನಿ’ ಅಂತಾಯಿತು. ಮಾರನೇ ದಿನ ಸರ್ವರ್ ಇಲ್ಲ. ಮೂರನೇ ದಿನ ಅಕ್ಕಿ ಸಿಕ್ಕಿತು. ನಾಟಿ ಸಮಯದ ಎರಡು ದಿನದ ಕೂಲಿ ಹೋಯಿತು, ಅದನ್ನಾದರೂ ಬಿಡಿ. ಮೊದಲ ದಿನ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ವಾಪಸ್ ಬರುವಾಗ, ಅವಳು ದಾರಿಯುದ್ದಕ್ಕೂ ತನ್ನ ಬೆರಳನ್ನೇ ಬೈಯುತ್ತಿದ್ದಳು.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಮೆಷಿನ್ ಒಪ್ಪದೆ ಅವರಾದರೂ ಏನು ಕೊಟ್ಟಾರು? ಆದರೆ ಬೆರಳಚ್ಚು ಹೊಂದಲಿಲ್ಲ ಅಂತ ಯಾರನ್ನೂ ಬರಿಗೈಲಿ ಕಳಿಸಬಾರದು, ಬೇರೆ ಪುಸ್ತಕದಲ್ಲಿ ಬರೆದುಕೊಂಡು ರೇಷನ್ ಕೊಡಬೇಕು ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಹೇಳಿದೆ. ಜಾರ್ಖಂಡ್‌ನ ಸಿಮ್‌ಡೇಗಾದಲ್ಲಿ ಆಧಾರ್ ಜೋಡಿಸಿಲ್ಲ ಅಂತ ಕಾರ್ಡ್ ರದ್ದಾದ ಮನೆಯೊಂದರ 11 ವರ್ಷದ ಹುಡುಗಿ ಸತ್ತು, ದೇಶವೆಲ್ಲ ಸುದ್ದಿಯಾದ ಮೇಲೆ ಬಂದ ಸೂಚನೆ ಅದು.

‘ಬಿಟ್ಟಿ’ ಅನ್ನುವ ಮಾತನ್ನೂ ವೇದಿಕೆ ಮೇಲೆ ಸ್ವಲ್ಪ ಕಮ್ಮಿ ಮಾಡಿ. ಯಾವ ಪಕ್ಷದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಅಮ್ಮ ದುಡ್ಡು ಕೊಟ್ಟೇ ಓಡಾಡುತ್ತಾಳೆ. ‘ಬಿಟ್ಟಿ ಬಸ್ಸಲ್ಲಿ ತಿರುಗೋರು’ ಅನ್ನೋ ಬೈಗುಳದಲ್ಲಿ ಮಾತ್ರ ಅವಳಿಗೂ ಪಾಲು. ಸೋಪು, ಬೆಂಕಿಪೊಟ್ಟಣಕ್ಕೆ ಅವಳು ಕಟ್ಟುವ ತೆರಿಗೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮ ತಾಲೂಕಿನ ರೇಷನ್ ಅಂಗಡಿಗಳಲ್ಲಿ, ಬೆರಳಚ್ಚು ಹೊಂದದವರ ಹೆಸರು ಬರೆದುಕೊಳ್ಳುವ ಆ ಪುಸ್ತಕ ಇದೆಯಾ ಅಂತ ಒಮ್ಮೆ ವಿಚಾರಿಸಿ. ಇಲ್ಲದಿದ್ದರೆ ಇಡಿಸಿ. ಸಹಿ ಮಾಡಲು ಪೆನ್ನು ಅಮ್ಮನೇ ತರುತ್ತಾಳೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಯಜಮಾನಿಯ ಮಗಳು